ಎಂಟು ಗೋಪುರಗಳ ಸ್ವೆಟರ್

ಸಾದಾ ಸ್ವೆಟರ್ ಒಂದು ಮುಗಿದ ಮೇಲೆ ಕೈ ಸುಮ್ಮನಿರುವುದಿಲ್ಲ. ಮಫ್ಲರ್ ಆಗಿದೆ, ಕೂಸಿನ ಟೊಪ್ಪಿಗೆ ಆಗಿದೆ, ಸೀದಾ-ಉಲ್ಟಾ ಎರಡೂ ಕುಣಿಕೆಗಳು ಮಾತಾಡುತ್ತ ಕುಳಿತಾಗಲೂ ತಪ್ಪದೆ ಬೀಳುತ್ತಿವೆ. ಇನ್ನು ಬಣ್ಣ ಬೇಕು ಅನ್ನಿಸುತ್ತದೆ. ಯಾರೂ ಕಲಿಸದೆ ಮೊಬೈಲ್ ನೋಡಿಕೊಂಡೇ ಇಲ್ಲಿಯ ತನಕ ಬಂದವರು ಬಣ್ಣದ ನಕ್ಷೆಗೂ ಅಲ್ಲೇ ಹುಡುಕುತ್ತಾರೆ. ಸಿಗುವುದು ಹಿಮದ ಹರಳು, ಹಿಮಸಾರಂಗ, ಪೈನ್ ಮರ. ಅವು ಚಂದವೇ. ಆದರೆ ಅಣ್ಣಿಗೇರಿಯಲ್ಲೋ ಕುಂದಗೋಳದಲ್ಲೋ ಹುಟ್ಟಿ, ಅಜ್ಜಿಯ ಇಳಕಲ್ ಸೀರೆಯ ಸೆರಗಿನ ಮೇಲೆ ತೇರು, ಪಲ್ಲಕ್ಕಿ, ಆನೆ ಅಂಬಾರಿ ನೋಡುತ್ತ ಬೆಳೆದ ಹೆಣ್ಣುಮಗಳು ತನ್ನ ಮೊದಲ ಬಣ್ಣದ ಸ್ವೆಟರಿಗೆ ಹಿಮಸಾರಂಗವನ್ನು ಯಾಕೆ ಹುಡುಕಿಕೊಂಡು ಹೋಗಬೇಕು?

ಹಟಕ್ಕೆ ಈ ಮಾತು ಹೇಳುತ್ತಿಲ್ಲ. ಬಣ್ಣದ ಹೆಣಿಗೆಯಲ್ಲಿ ಕಷ್ಟವೆನಿಸುವ ಅರ್ಧ ಭಾಗ ಎಣಿಕೆ. ಆ ಎಣಿಕೆ ಧಾರವಾಡ ಸೀಮೆಯಲ್ಲಿ ನೂರಾರು ವರ್ಷಗಳಿಂದ ಹೆಣ್ಣುಮಕ್ಕಳ ಕೈಯಲ್ಲಿದೆ. ಕಸೂತಿ ಎಣಿಕೆಯ ಕೆಲಸ, ನವಲಗುಂದದ ಜಮಖಾನ ಎಣಿಕೆಯ ಕೆಲಸ. ಉಳಿದರ್ಧ, ಅಂದರೆ ಎರಡು ದಾರಗಳನ್ನು ಒಟ್ಟಿಗೆ ಆಳುವುದು, ಕಲಿತರೆ ಬರುತ್ತದೆ.

ಮೊದಲು ತತ್ವ ತಿಳಿಯೋಣ. ಗ್ರಾಫ್ ಹಾಳೆಯ ಒಂದು ಚೌಕ ಎಂದರೆ ಕಡ್ಡಿಯ ಮೇಲಿನ ಒಂದು ಕುಣಿಕೆ. ಹಾಳೆಯ ಒಂದು ಸಾಲು ಹೆಣಿಗೆಯ ಒಂದು ಸಾಲು. ಒಂದು ಸಾಲಿನಲ್ಲಿ ಎರಡೇ ಬಣ್ಣ. ತುಂಬಿದ ಚೌಕ ಬಂದರೆ ನಕ್ಷೆಯ ದಾರ, ಖಾಲಿ ಚೌಕ ಬಂದರೆ ನೆಲದ ದಾರ. ಒಂದು ದಾರ ಮುಂದೆ ಕೆಲಸ ಮಾಡುವಾಗ ಇನ್ನೊಂದು ಬಟ್ಟೆಯ ಹಿಂದೆ ಅಡ್ಡಲಾಗಿ ಹಾಯುತ್ತ, ತನ್ನ ಸರದಿ ಬಂದಾಗ ಮುಂದಕ್ಕೆ ಬರುತ್ತದೆ. ಇಡೀ ವಿದ್ಯೆ ಇಷ್ಟೇ. ನೋಡುವವರಿಗೆ ಹತ್ತು ಬಣ್ಣ ಕಂಡರೂ ಹೆಣೆಯುವವರ ಕೈಯಲ್ಲಿ ಯಾವ ಗಳಿಗೆಯಲ್ಲೂ ಇರುವುದು ಎರಡೇ ದಾರ.

ಈ ಬಗೆಯ ಹೆಣಿಗೆಗೆ ಲೋಕವೆಲ್ಲ ಕರೆಯುವ ಹೆಸರು ಫೇರ್ ಐಲ್. ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳ ನಡುವೆ ಇರುವ ಸಣ್ಣ ದ್ವೀಪ ಅದು. ಮೀನುಗಾರರ ಮನೆಯ ಹೆಂಗಸರು ಹೆಣೆಯುತ್ತಿದ್ದ ಈ ಸ್ವೆಟರನ್ನು ಮುಂದೆ ಎಂಟನೇ ಎಡ್ವರ್ಡ್ ಆದ ವೇಲ್ಸ್ ರಾಜಕುಮಾರ 1922ರಲ್ಲಿ ಗಾಲ್ಫ್ ಮೈದಾನದಲ್ಲಿ ತೊಟ್ಟ. ಅಲ್ಲಿಂದ ಅದಕ್ಕೆ ದೊಡ್ಡ ಬೇಡಿಕೆ ಬಂತು. 1588ರಲ್ಲಿ ಸ್ಪೇನಿನ ಎಲ್ ಗ್ರಾನ್ ಗ್ರಿಫಾನ್ ಹಡಗು ಆ ದ್ವೀಪದ ಬಳಿ ಒಡೆಯಿತು, ಬದುಕಿ ದಡ ಸೇರಿದ ನಾವಿಕರಿಂದ ದ್ವೀಪದ ಹೆಂಗಸರು ಈ ನಕ್ಷೆ ಕಲಿತರು ಎಂಬ ಕತೆ ಇದೆ. ಹಡಗು ಒಡೆದದ್ದು ನಿಜ, ನಕ್ಷೆಯ ಮಾತಿಗೆ ಆಧಾರವಿಲ್ಲ. ಹೆಂಗಸರ ಕೈಯಿಂದ ಒಳ್ಳೆಯ ವಸ್ತು ಬಂದರೆ ಅದನ್ನು ಹೊರಗಿನಿಂದ ಯಾರೋ ಕಲಿಸಿರಬೇಕು ಎಂದು ಊಹಿಸುವ ಚಾಳಿ ಎಲ್ಲ ದೇಶಗಳಲ್ಲೂ ಇದೆ. ನಾರ್ವೆಯ ಸೆಲ್ಬು ಊರಿನಲ್ಲಿ ಹೇಳುವ ಕತೆ ನನಗೆ ಹೆಚ್ಚು ಇಷ್ಟ. 1857ರಲ್ಲಿ ಮಾರಿತ್ ಎಂಬ ಹದಿಹರೆಯದ ಹುಡುಗಿ ಕಪ್ಪು-ಬಿಳಿ ದಾರಗಳಲ್ಲಿ ಎಂಟೆಸಳ ಹೂವಿನ ಕೈಗವಸು ಹೆಣೆದು ಚರ್ಚಿಗೆ ಹಾಕಿಕೊಂಡು ಹೋದಳಂತೆ. ಆ ಕೈಗವಸೇ ಮುಂದೆ ಊರಿಗೆಲ್ಲ ಹೊಟ್ಟೆಪಾಡಾಯಿತು.

ಇದಕ್ಕೂ ಹಳೆಯ ಬಣ್ಣದ ಹೆಣಿಗೆ ಈಜಿಪ್ಟಿನಲ್ಲಿ ಸಿಕ್ಕಿದೆ. ಅಲ್ಲಿಯ ಮಧ್ಯಯುಗದ ಕಾಲುಚೀಲಗಳನ್ನು ಬಿಳಿ ಮತ್ತು ನೀಲಿ ದಾರಗಳಲ್ಲಿ ಹೆಣೆದಿದ್ದಾರೆ. ಆ ದಾರ ಉಣ್ಣೆಯದಲ್ಲ, ಹತ್ತಿಯದು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿಯವರಿಗೆ ಈ ಸಂಗತಿ ಹತ್ತಿರದ್ದು. 1972ರಲ್ಲಿ ಡಾ. ಬಿ.ಎಚ್. ಕಟರಕಿ ಅವರು ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರಲಕ್ಷ್ಮಿ ಎಂಬ ಉದ್ದ ಎಳೆಯ ಸಂಕರ ಹತ್ತಿಯನ್ನು ರೂಪಿಸಿದ ನೆಲ ಇದು. ಹಾಗಾದರೆ ಮೊದಲ ಬಣ್ಣದ ಸ್ವೆಟರನ್ನು ಹತ್ತಿ ದಾರದಲ್ಲೇ ಹೆಣೆಯಬಹುದಲ್ಲ ಎಂದು ಕೇಳಬಹುದು. ಮೊದಲನೆಯದಕ್ಕೆ ಬೇಡ ಎನ್ನುತ್ತೇನೆ. ಹತ್ತಿ ಭಾರ, ಹಿಗ್ಗಿ ಕುಗ್ಗುವ ಗುಣ ಕಡಿಮೆ, ಎಳೆಗೆ ಎಳೆ ಕಚ್ಚುವುದಿಲ್ಲ. ದಾರ ಸ್ವಲ್ಪ ಸಡಿಲಾದರೂ ಕುಣಿಕೆ ಬಾಯಿ ಬಿಡುತ್ತದೆ. ಉಣ್ಣೆಯ ಎಳೆಯ ಮೇಲಿರುವ ಸೂಕ್ಷ್ಮ ಪದರಗಳು ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತವೆ, ತೊಳೆದ ಮೇಲೆ ಏರುಪೇರುಗಳು ತಾವೇ ಸರಿಹೋಗುತ್ತವೆ. ನಮ್ಮ ದಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಮೈಗೆ ತಾಗುವ ಸ್ವೆಟರಿಗೆ ಒರಟಾಗುತ್ತದೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುವ ದಾರ ಬಹುಪಾಲು ಲುಧಿಯಾನಾದಿಂದ ಬರುವ ಆಕ್ರಿಲಿಕ್. ಅಗ್ಗ, ಬಣ್ಣ ಹಲವು, ನಮ್ಮ ಚಳಿಗೆ ಸಾಕು. ಉಣ್ಣೆ ಬೆರೆತದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಆಕ್ರಿಲಿಕ್ ಸ್ವೆಟರಿಗೆ ಮಾತ್ರ ಬಿಸಿ ಇಸ್ತ್ರಿ ತಾಗಿಸಲೇಬಾರದು. ಒಮ್ಮೆ ಕಾವು ತಾಗಿ ಸೋತ ಕುಣಿಕೆ ಮತ್ತೆ ಪುಟಿಯುವುದಿಲ್ಲ.

ಇನ್ನು ನವಲಗುಂದಕ್ಕೆ ಬರೋಣ. ಜಮಖಾನ ನೇಯುವವರ ಹಿರಿಯರು ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಿಂದ ಬಂದವರು ಎಂಬ ಹೇಳಿಕೆ ಇದೆ. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗ, ಅದರ ಮುಂದೆ ಕುಳಿತ ಹೆಂಗಸರು. ಲಾಳಿ ಇಲ್ಲ. ಬಣ್ಣದ ಹತ್ತಿ ದಾರವನ್ನು ಬೆರಳಿನಿಂದಲೇ ಹಾಸಿನ ಎಳೆಗಳ ನಡುವೆ ತೂರಿಸಿ, ಪಂಜಾ ಎಂಬ ಲೋಹದ ಹಣಿಗೆಯಿಂದ ಕೆಳಗೆ ಬಡಿಯುತ್ತಾರೆ. ಕೆಂಪು, ಹಳದಿ, ಹಸಿರು, ಕಪ್ಪು ಬಣ್ಣಗಳಲ್ಲಿ ನವಿಲು ಏಳುತ್ತದೆ, ಪಗಡೆಯ ಹಾಸು ಮೂಡುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಲೆಯಲ್ಲಿ ಹೆಣೆಯುವವರು ಗಮನಿಸಬೇಕಾದ ಗುಟ್ಟೊಂದಿದೆ. ನವಿಲಿನ ಹಸಿರು ದಾರ ನವಿಲಿನ ಗಡಿ ಮುಟ್ಟಿದ ಕೂಡಲೇ ಹಿಂದಕ್ಕೆ ತಿರುಗುತ್ತದೆ. ಅದು ಹಿಂಬದಿಯಲ್ಲಿ ಹಾದು ಮುಂದಿನ ನವಿಲಿಗೆ ಹೋಗುವುದಿಲ್ಲ. ಆದ್ದರಿಂದಲೇ ಜಮಖಾನದ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತವೆ.

ಹೆಣಿಗೆಯಲ್ಲೂ ಈ ಎರಡು ದಾರಿಗಳಿವೆ. ದಾರವನ್ನು ಹಿಂದೆ ಹಾಯಿಸುತ್ತ ಸಾಗುವುದು ಫೇರ್ ಐಲ್ ದಾರಿ. ಗಡಿಯಲ್ಲಿ ಎರಡು ಬಣ್ಣಗಳನ್ನು ಒಂದಕ್ಕೊಂದು ಸುತ್ತಿ ಹಿಂದಿರುಗಿಸುವುದು ಜಮಖಾನದ ದಾರಿ, ಇಂಗ್ಲಿಷಿನವರು ಅದನ್ನು ಇಂಟಾರ್ಸಿಯಾ ಎನ್ನುತ್ತಾರೆ. ಎದೆಯ ಮೇಲೆ ಒಂದೇ ಒಂದು ದೊಡ್ಡ ನವಿಲು ಬೇಕಾದರೆ ಜಮಖಾನದ ದಾರಿಯೇ ಸರಿ. ಮೈ ಸುತ್ತ ಸಾಲುಸಾಲಾಗಿ ಗೋಪುರ ಬೇಕಾದರೆ ಹಾಯಿಸುವ ದಾರಿ. ಮೊದಲ ಸ್ವೆಟರಿಗೆ ನಾನು ಹಾಯಿಸುವ ದಾರಿಯನ್ನೇ ಹೇಳುತ್ತೇನೆ. ಅದನ್ನು ಕೊಳವೆಯ ಹಾಗೆ ಸುತ್ತುಹೆಣಿಗೆಯಲ್ಲಿ ಹೆಣೆಯಬಹುದು, ನಕ್ಷೆ ಯಾವಾಗಲೂ ಕಣ್ಣೆದುರಿಗೇ ಇರುತ್ತದೆ, ಉಲ್ಟಾ ಸಾಲಿನಲ್ಲಿ ಬಣ್ಣ ಲೆಕ್ಕ ಹಾಕುವ ತೊಂದರೆ ಇರುವುದಿಲ್ಲ.

ಹಾಯಿಸುವ ದಾರಿಗೆ ನಕ್ಷೆ ಕೊಡುವುದು ಕಸೂತಿ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕಸೂತಿಯ ನಕ್ಷೆಯನ್ನು ಇದ್ದ ಹಾಗೇ ಎತ್ತಿ ಹೆಣಿಗೆಗೆ ಹಾಕಲು ಬರುವುದಿಲ್ಲ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗುರುತು ಇಲ್ಲ, ಗಂಟು ಇಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೋಗಬೇಕು. ಹೊಲಿಗೆ ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತೆ. ಮೆಂತೆ ಎಂದರೆ ಓರೆಯಾಗಿ ಒಂದರ ಮೇಲೊಂದು ಹಾಕುವ ಕತ್ತರಿ ಹೊಲಿಗೆ, ಒಂದೊಂದೂ ಒಂದೊಂದು ಚೌಕ ತುಂಬುತ್ತದೆ. ಹೆಣೆಯುವವರಿಗೆ ಇದು ವರ. ಒಂದು ಮೆಂತೆಗೆ ಒಂದು ಕುಣಿಕೆ, ಲೆಕ್ಕ ಮುಗಿಯಿತು. ನೇಗಿ ನೇಯ್ದಂತೆ ಕಾಣುವ ಹೊಲಿಗೆ. ಅಡ್ಡಸಾಲಿನಲ್ಲಿ ದಾರ ಎರಡು ಎಳೆಯ ಮೇಲೆ, ನಾಲ್ಕು ಎಳೆಯ ಕೆಳಗೆ ಎಂದು ಉದ್ದ ಬದಲಿಸುತ್ತ ಓಡುತ್ತದೆ. ಮೇಲೆ ಕಾಣಿಸಿದಷ್ಟು ತುಂಬಿದ ಚೌಕ, ಕೆಳಗೆ ಹೋದಷ್ಟು ಖಾಲಿ ಚೌಕ. ನೇಗಿ ಹಾಕಿದ ಬಟ್ಟೆಯ ಹಿಂಬದಿಯಲ್ಲಿ ನಕ್ಷೆ ತಿರುವುಮುರುವಾಗಿ, ತುಂಬಿದ್ದು ಖಾಲಿಯಾಗಿ ಖಾಲಿಯಾದದ್ದು ತುಂಬಿ ಕಾಣುತ್ತದೆ. ಎರಡು ದಾರದ ಸ್ವೆಟರಿನ ಒಳಮಗ್ಗುಲು ಕೂಡ ಹಾಗೇ. ನೇಗಿ ಬಲ್ಲವರಿಗೆ ಫೇರ್ ಐಲ್ ಅರ್ಧ ಬಂದಂತೆಯೇ.

ಗವಂತಿ ಮತ್ತು ಮುರಗಿಯ ಮಾತು ಬೇರೆ. ಇವೆರಡರಲ್ಲೂ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಕೊನೆ ತನಕ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತ ಬಿಟ್ಟ ಜಾಗ ತುಂಬುತ್ತದೆ. ಅದಕ್ಕೇ ಎರಡೂ ಮಗ್ಗುಲು ಒಂದೇ ತರಹ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಗವಂತಿ ನೇರ ಗೆರೆ, ಓರೆ ಗೆರೆ ಎಳೆಯುತ್ತದೆ. ಗೋಪುರ, ತೇರು, ತುಳಸಿಕಟ್ಟೆ ಬಹುಪಾಲು ಈ ಗೆರೆಗಳಿಂದ ಆದವು. ಕಷ್ಟವಿರುವುದು ಇಲ್ಲೇ. ಗವಂತಿಯ ಗೆರೆ ಚೌಕದ ಅಂಚಿನ ಮೇಲೆ ಓಡುತ್ತದೆ, ಹೆಣಿಗೆಯ ಕುಣಿಕೆ ಚೌಕದ ಒಳಗನ್ನು ತುಂಬುತ್ತದೆ. ಅಂಚಿಗೆ ಬಣ್ಣ ಹಾಕಲು ಕಡ್ಡಿಗೆ ಬರುವುದಿಲ್ಲ.

ದಾರಿ ಇದೆ. ಹೊಲಿಗೆಯನ್ನು ಬಿಟ್ಟು, ಸೂಜಿ ಬಟ್ಟೆಯೊಳಗೆ ಇಳಿದ ಮತ್ತು ಎದ್ದ ಜಾಗಗಳನ್ನು ಎಣಿಸಬೇಕು. ಆ ಒಂದೊಂದು ಜಾಗವೂ ಒಂದೊಂದು ಕುಣಿಕೆ. ಬುಡದಲ್ಲಿ 12 ಹೊಲಿಗೆ ಅಗಲವಿರುವ ಗೋಪುರಕ್ಕೆ ಇಂಥ ಜಾಗಗಳು 13. ಹಾಗಾಗಿ 13 ಕುಣಿಕೆ. ಆದರೆ ಒಂದೇ ಹೊಲಿಗೆಯ ಅಂತರದಲ್ಲಿ ಎರಡು ಗೆರೆಗಳು ಜೊತೆಜೊತೆಯಾಗಿ ಓಡುವ ದಟ್ಟ ನಕ್ಷೆಗೆ ಇದು ಸಾಲದು, ಎರಡು ಗೆರೆಗಳೂ ಕೂಡಿ ಒಂದು ದಪ್ಪ ಪಟ್ಟಿಯಾಗಿಬಿಡುತ್ತವೆ. ಅಂಥದ್ದನ್ನು ಎರಡರಷ್ಟು ದೊಡ್ಡದು ಮಾಡಬೇಕು. ಒಂದು ಹೊಲಿಗೆಗೆ ಎರಡು ಕುಣಿಕೆ, ಕೊನೆಗೆ ಒಂದು ಹೆಚ್ಚು. 12 ಹೊಲಿಗೆಯ ಗೋಪುರ ಆಗ 25 ಕುಣಿಕೆ ಅಗಲವಾಗುತ್ತದೆ, ಒಳಗಿನ ಗೆರೆಗಳ ನಡುವೆ ಉಸಿರಾಡಲು ಒಂದು ಕುಣಿಕೆಯ ಜಾಗ ಉಳಿಯುತ್ತದೆ. 25 ಬೆಸ ಸಂಖ್ಯೆಯಾದ್ದರಿಂದ ಕಳಶಕ್ಕೆ ನಟ್ಟನಡುವೆ ಒಂದು ಕುಣಿಕೆ ಸಿಗುತ್ತದೆ.

ಇನ್ನೊಂದು ತೊಡಕು ಎತ್ತರದ್ದು. ಗ್ರಾಫ್ ಹಾಳೆಯ ಚೌಕ ನಿಜವಾಗಿ ಚೌಕ, ಹೆಣಿಗೆಯ ಕುಣಿಕೆ ಚೌಕವಲ್ಲ, ಅಗಲಕ್ಕಿಂತ ಎತ್ತರ ಕಡಿಮೆ. ಎರಡು ದಾರದ ಹೆಣಿಗೆಯಲ್ಲಿ ಈ ಅಂತರ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ನಿಮ್ಮ ಕೈಯಲ್ಲಿ 4 ಇಂಚಿಗೆ ಅಡ್ಡಕ್ಕೆ 22 ಕುಣಿಕೆ, ಉದ್ದಕ್ಕೆ 26 ಸಾಲು ಬರುತ್ತದೆ ಎಂದುಕೊಳ್ಳಿ. 25 ಕುಣಿಕೆಯ ಅಗಲ ಸುಮಾರು ನಾಲ್ಕೂವರೆ ಇಂಚು, 25 ಸಾಲಿನ ಎತ್ತರ ನಾಲ್ಕು ಇಂಚೂ ಇಲ್ಲ. ಸೀರೆಯ ಮೇಲೆ ನೆಟ್ಟಗೆ ನಿಂತ ಗೋಪುರ ಸ್ವೆಟರಿನ ಮೇಲೆ ಕುಗ್ಗಿ ಕೂರುತ್ತದೆ. ನಾಲ್ಕೈದು ಸಾಲು ಹೆಚ್ಚಿಸಿದರೆ ಸರಿಹೋಗುತ್ತದೆ. ಆ ಸಾಲುಗಳನ್ನು ಅಂತಸ್ತುಗಳ ಗೋಡೆಯಲ್ಲಿ ಹಂಚಬೇಕು, ಓರೆಯಾಗಿ ಏರುವ ಅಂಚಿನಲ್ಲಿ ಸೇರಿಸಬಾರದು. ಅಂಚಿನ ಮೆಟ್ಟಿಲು ತಪ್ಪಿದರೆ ಕಣ್ಣಿಗೆ ಕೂಡಲೇ ಬೀಳುತ್ತದೆ. ಆನೆ, ನಂದಿಯಂಥ ಅಗಲವಾದ ಆಕಾರಗಳಿಗೆ ಈ ರಗಳೆ ಇಲ್ಲ, ಅವು ಸ್ವಲ್ಪ ಕುಳ್ಳಗಾದರೂ ಆನೆ ಆನೆಯೇ.

ಈಗ ಮೈಯ ಲೆಕ್ಕ. ಎದೆಯ ಸುತ್ತಳತೆ 36 ಇಂಚು, ಆರಾಮಕ್ಕೆ 2 ಇಂಚು ಸೇರಿಸಿ 38. ಇಂಚಿಗೆ ಐದೂವರೆ ಕುಣಿಕೆಯಂತೆ 209. ನಮ್ಮ ಗೋಪುರಕ್ಕೆ 25, ಎರಡು ಗೋಪುರಗಳ ನಡುವೆ ಒಂದು, ಒಟ್ಟು 26. ಎಂಟು ಗೋಪುರಗಳಿಗೆ 208. ಒಂದೇ ಕುಣಿಕೆ ಬಿಟ್ಟರೆ ಮೈ ಸುತ್ತ ಎಂಟು ಗೋಪುರಗಳು ತುಂಡಾಗದೆ ಸುತ್ತುತ್ತವೆ. ಇಷ್ಟು ಚೊಕ್ಕವಾಗಿ ಎಲ್ಲರ ಅಳತೆಗೂ ಕೂಡಿಬರುವುದಿಲ್ಲ. ಬರದಿದ್ದರೆ ಗೋಪುರಗಳ ನಡುವಿನ ಜಾಗವನ್ನು ಹೆಚ್ಚು ಕಡಿಮೆ ಮಾಡಿ ಹೊಂದಿಸಿಕೊಳ್ಳಬೇಕು, ಗೋಪುರವನ್ನು ಕತ್ತರಿಸಬಾರದು. ತೋಳಿಗೆ ಅಮೆರಿಕದ ಹೆಣಿಗೆಗಾರ್ತಿ ಎಲಿಜಬೆತ್ ಝಿಮರ್‌ಮನ್ ಹೇಳಿಕೊಟ್ಟ ಪಾಲಿನ ಲೆಕ್ಕ ಸಾಕು: ಮೈಯ ಕುಣಿಕೆಗಳಲ್ಲಿ ಐದನೇ ಒಂದು ಭಾಗ ಮುಂಗೈಗೆ, ಸುಮಾರು ಮೂರನೇ ಒಂದು ಭಾಗ ತೋಳಿನ ಮೇಲ್ತುದಿಗೆ.

ಈ ಎಲ್ಲ ಲೆಕ್ಕ ನಿಂತಿರುವುದು ಇಂಚಿಗೆ ಐದೂವರೆ ಎಂಬ ಒಂದು ಸಂಖ್ಯೆಯ ಮೇಲೆ. ನಿಮ್ಮ ಕೈ ಬಿಗಿಯಾಗಿ ಇಂಚಿಗೆ 6 ಬಂದರೆ ಅದೇ 208 ಕುಣಿಕೆ 35 ಇಂಚೂ ಆಗುವುದಿಲ್ಲ, 36 ಇಂಚಿನ ಎದೆಗೆ ಆ ಸ್ವೆಟರ್ ಬಿಗಿಯಾಗುತ್ತದೆ. ಎರಡು ದಾರ ಹಿಡಿದಾಗ ಹೊಸಬರ ಕೈ ಬಿಗಿಯಾಗುವುದೇ ಹೆಚ್ಚು. ಆದ್ದರಿಂದ ಸಾದಾ ಹೆಣಿಗೆಯ ಅಳತೆ ನಂಬಿ ಬಣ್ಣದ ಸ್ವೆಟರ್ ಹಾಕಬಾರದು. ಬಣ್ಣದಲ್ಲೇ, ಸುತ್ತುಹೆಣಿಗೆಯಲ್ಲೇ ಒಂದು ಸಣ್ಣ ವಸ್ತು ಹೆಣೆದು ಅಳೆಯಬೇಕು. ಆ ಸಣ್ಣ ವಸ್ತು ಯಾವುದಿರಬೇಕು ಎಂದು ನಮ್ಮ ಸೀಮೆಯಲ್ಲಿ ಕೇಳಬೇಕಿಲ್ಲ. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲು, ಅದರಲ್ಲಿ ಮಲಗುವ ಕೂಸಿಗೆ ಕಸೂತಿ ಹಾಕಿದ ಕುಂಚಿಗೆ, ಕುಲಾವಿ, ಇವು ಧಾರವಾಡದ ತವರುಮನೆಯ ಉಡುಗೊರೆಗಳು. ಅದೇ ದಾರ, ಅದೇ ಕಡ್ಡಿಯಲ್ಲಿ ಮೂರು ಗೋಪುರದ ಕುಲಾವಿ ಹೆಣೆದರೆ 78 ಕುಣಿಕೆ, ಸುಮಾರು 14 ಇಂಚು, ಎಳೆಗೂಸಿನ ತಲೆಗೆ ಸರಿ. ಒಳಗೊಂದು ಮೆತ್ತನೆಯ ಹತ್ತಿ ಅಸ್ತರಿ ಹಾಕಿದರೆ ಕೂಸಿನ ಬೆರಳು ಹಿಂದಿನ ದಾರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಕುಲಾವಿ ತೊಳೆದು ಒಣಗಿಸಿ ಅಳೆದ ಮೇಲೆ ಸ್ವೆಟರಿನ ಕುಣಿಕೆ ಹಾಕಿ.

ಕೈಯ ಅಭ್ಯಾಸದಲ್ಲಿ ಕಾಯಬೇಕಾದ ಸಂಗತಿಗಳು ಹೆಚ್ಚಿಲ್ಲ, ಆದರೆ ಕಾಯಲೇಬೇಕು. ಬಣ್ಣ ಬದಲಿಸುವ ಮುಂಚೆ ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಅಗಲಕ್ಕೆ ಹರಡಿ, ಆಮೇಲೆ ಹೊಸ ದಾರ ಎತ್ತಿಕೊಳ್ಳಬೇಕು. ಹಿಂದಿನ ದಾರ ಬಿಗಿಯಾದರೆ ಇಡೀ ಬಟ್ಟೆ ಸುಕ್ಕುಗಟ್ಟುತ್ತದೆ, ಸಡಿಲಾದರೆ ಬೆರಳಿಗೂ ಬಳೆಗೂ ಸಿಕ್ಕುತ್ತದೆ. ಒಂದು ಬಣ್ಣ ಐದು ಕುಣಿಕೆಗಿಂತ ಹೆಚ್ಚು ದೂರ ಹಿಂದೆ ಹಾಯಬೇಕಾದರೆ ನಡುವೆ ಒಮ್ಮೆ ಕೆಲಸದ ದಾರದ ಅಡಿಗೆ ಸಿಕ್ಕಿಸಿ ಮುಂದುವರಿಯಬೇಕು. ಪ್ರತಿ ಸಾಲಿನಲ್ಲೂ ಅದೇ ಜಾಗದಲ್ಲಿ ಸಿಕ್ಕಿಸಿದರೆ ಮುಂದೆ ಗೆರೆಯಾಗಿ ಇಣುಕುತ್ತದೆ, ಜಾಗ ಬದಲಿಸುತ್ತಿರಬೇಕು. ಎರಡು ದಾರಗಳಲ್ಲಿ ಯಾವುದು ಕೆಳಗಿನಿಂದ ಬರುತ್ತದೋ ಅದು ಮುಂಭಾಗದಲ್ಲಿ ಎದ್ದು ಕಾಣುತ್ತದೆ. ಗೋಪುರದ ದಾರ ಕೆಳಗಿನಿಂದ, ನೆಲದ ದಾರ ಮೇಲಿನಿಂದ ಎಂದು ಮೊದಲೇ ನಿಶ್ಚಯಿಸಿ ಕೊನೆಯ ಸಾಲಿನ ತನಕ ಬದಲಿಸಬಾರದು. ನಡುವೆ ಅದಲುಬದಲಾದರೆ ಗೋಪುರದ ಒಂದು ಅಂತಸ್ತು ಮಸುಕಾಗುತ್ತದೆ.

ಗೋಪುರ ಮೇಲೇರಿದಂತೆ ಕಿರಿದಾಗುತ್ತದೆ, ಎರಡು ಕಳಶಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ಕುಣಿಕೆಗಳ ಬಯಲು ಬೀಳುತ್ತದೆ. ಅಷ್ಟುದ್ದ ದಾರ ಹಿಂದೆ ಹಾಯಬಾರದು. ಇದಕ್ಕೆ ಪರಿಹಾರವೂ ಸೀರೆಯಲ್ಲೇ ಇದೆ. ಕಸೂತಿ ಹಾಕುವವರು ದೊಡ್ಡ ನಕ್ಷೆಗಳ ನಡುವಿನ ಬಯಲಿನಲ್ಲಿ ಚುಕ್ಕಿ, ಸಣ್ಣ ನಕ್ಷತ್ರ, ಹೂವು ಚೆಲ್ಲುತ್ತಾರೆ. ಸ್ವೆಟರಿನಲ್ಲಿ ಆ ಚುಕ್ಕಿಗಳು ಅಂದಕ್ಕೂ ಹೌದು, ದಾರ ಹಿಡಿಯುವುದಕ್ಕೂ ಹೌದು.

ಬಣ್ಣದ ಆಯ್ಕೆಯಲ್ಲಿ ಜಮಖಾನವನ್ನೂ ಚಂದ್ರಕಾಳಿ ಎಂಬ ಕಪ್ಪು ಸೀರೆಯನ್ನೂ ನಂಬಬಹುದು. ಕಪ್ಪು ರೇಷ್ಮೆಯ ಮೇಲೆ ಬಿಳಿ, ಕಿತ್ತಳೆ, ಹಸಿರು ದಾರದ ಕಸೂತಿ ಯಾಕೆ ಅಷ್ಟು ದೂರಕ್ಕೆ ಕಾಣುತ್ತದೆ ಎಂದರೆ ನೆಲ ಗಾಢ, ನಕ್ಷೆ ತಿಳಿ. ಬಣ್ಣ ಬೇರೆಯಿದ್ದರೆ ಸಾಲದು, ಒಂದು ಗಾಢ ಇನ್ನೊಂದು ತಿಳಿ ಆಗಿರಬೇಕು. ಕಡುಗೆಂಪು ಮತ್ತು ಕಡುಹಸಿರು ಅಂಗಡಿಯ ಬೆಳಕಿನಲ್ಲಿ ಜಗಳಾಡುವಂತೆ ಕಂಡರೂ ಹೆಣೆದ ಮೇಲೆ ಒಂದರೊಳಗೊಂದು ಮುಳುಗುತ್ತವೆ. ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿದರೆ ಗೊತ್ತಾಗುತ್ತದೆ. ಫೋಟೊದಲ್ಲಿ ಎರಡೂ ಒಂದೇ ಬೂದಿ ಬಣ್ಣವಾದರೆ ಒಂದನ್ನು ಬದಲಿಸಿ. ನೆಲಕ್ಕೆ ಅಪ್ಪಟ ಕಪ್ಪು ಆರಿಸುವ ಆಸೆಯನ್ನು ಎರಡನೇ ಸ್ವೆಟರಿಗೆ ಇಟ್ಟುಕೊಳ್ಳಿ. ಕರೆಂಟು ಮಂದವಾದ ಸಂಜೆಗಳಲ್ಲಿ ಕಪ್ಪು ಕುಣಿಕೆ ಎಣಿಸುವುದು ಕಣ್ಣಿಗೆ ಶಿಕ್ಷೆ. ಕಡುನೀಲಿ, ಬದನೆ ಬಣ್ಣ, ಇಟ್ಟಿಗೆಗೆಂಪು ಸಾಕಷ್ಟು ಗಾಢವಾಗಿಯೇ ಇವೆ.

ಗುರುವಿಲ್ಲದೆ ಕಲಿಯುವುದರ ಬಗ್ಗೆ ಒಂದು ಮಾತು ಹೇಳಬೇಕಿದೆ. ನವಲಗುಂದದ ಜಮಖಾನ ಮನೆತನಗಳಲ್ಲಿ ಹಿಂದೆ ಮಗಳಿಗೆ ನೇಯ್ಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು. ಮಗಳು ಮದುವೆಯಾಗಿ ಹೋದರೆ ವಿದ್ಯೆ ಊರು ಬಿಡುತ್ತದೆ ಎಂಬ ಭಯ. ಆ ಭಯದ ಹಿಂದೆ ಬಡವರ ಅನ್ನದ ಲೆಕ್ಕವಿತ್ತು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಇಂದು ಅಲ್ಲಿ ಉಳಿದಿರುವ ಮಗ್ಗಗಳು ಬೆರಳೆಣಿಕೆಯಷ್ಟು. ಗುಟ್ಟು ಕಾಯಲು ಕಾರಣವಿದ್ದ ಕಾಲ ಹೋಗಿ, ನೋಡಿ ಕಲಿಯುವವರೇ ಬೇಕಾದ ಕಾಲ ಬಂದಿದೆ. ಕಸೂತಿಗೆ ಆ ಕಟ್ಟುಪಾಡು ಇರಲಿಲ್ಲ, ಅದು ತಾಯಿಯಿಂದ ಮಗಳಿಗೆ ಬಂತು. ತಾಯಿ ಇಲ್ಲದಿದ್ದರೂ ಸೀರೆ ಕಲಿಸುತ್ತದೆ. ನೇಗಿಯ ಹಿಂಬದಿ ನೋಡಿದರೆ ದಾರ ಎಲ್ಲಿ ಇಳಿದು ಎಲ್ಲಿ ಎದ್ದಿದೆ ಎಂಬುದು ಪೂರ್ತಿ ತೆರೆದಿರುತ್ತದೆ. ಗವಂತಿಯಲ್ಲಿ ದಾರ ತಿರುಗಿದ ತುದಿಯನ್ನು ಹುಡುಕಿದರೆ ದಾರಿ ತಿಳಿಯುತ್ತದೆ.

ಹಾಗಾಗಿ ಕಡ್ಡಿ ಹಿಡಿಯುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಸ್ವೆಟರ್ ಹೆಣೆಯದವರೂ ಅದನ್ನು ಮಾಡಬಹುದು. ಮನೆಯ ಟ್ರಂಕಿನಲ್ಲಿರುವ ಹಳೆಯ ಇಳಕಲ್ ಸೀರೆ, ಕುಬಸ, ಕುಂಚಿಗೆಗಳನ್ನು ಹೊರತೆಗೆಯಿರಿ. ಬಟ್ಟೆ ಜೀರ್ಣವಾಗಿದ್ದರೆ ಕಸೂತಿಯೂ ಅದರ ಜೊತೆಗೇ ಹರಿದುಹೋಗುತ್ತಿದೆ. ಶಾಲೆಯ ಮಕ್ಕಳ ಗ್ರಾಫ್ ಪುಸ್ತಕವೊಂದನ್ನು ತಂದು ಒಂದೊಂದು ನಕ್ಷೆಯನ್ನೂ ಎಳೆ ಎಣಿಸಿ ಇಳಿಸಿಕೊಳ್ಳಿ. ಯಾವ ಹೊಲಿಗೆ, ಯಾವ ಬಣ್ಣ, ಯಾವ ಊರು, ಹಾಕಿದವರು ಯಾರು ಎಂದು ಪಕ್ಕದಲ್ಲಿ ಬರೆದಿಡಿ. ಹಾಕಿದ ಅಜ್ಜಿ ಇನ್ನೂ ಇದ್ದರೆ ಪುಸ್ತಕ ಹಿಡಿದು ಅವರ ಪಕ್ಕದಲ್ಲೇ ಕುಳಿತು ಬರೆಯಿರಿ, ನಕ್ಷೆಗೆ ಅವರು ಹೇಳುವ ಹೆಸರನ್ನೇ ಇಡಿ. ಈ ಕೆಲಸವನ್ನು ಬರುವ ಚಳಿಗಾಲಕ್ಕೆ ಕಾಯದೆ ಈ ವಾರವೇ ಶುರು ಮಾಡಿ.